ಬೀಗದ ಪೆಟ್ಟಿಗೆ, ಹಗ್ಗದ ಡಿಕ್ಕಿ

ಹಳದಿ ದೀಪಕ್ಕೂ ನಿಂತುಬಿಟ್ಟರು, ಪುಣ್ಯಾತ್ಮರು.

ನಾನು ಸ್ಟೀರಿಂಗಿಗೆ ಒಂದು ಗುದ್ದು ಕೊಟ್ಟೆ. ಮುಂದೆ ಅವರ ಬಿಳಿ ಕಾರು, ಹಿಂದೆ ನಮ್ಮದು, ಅಡ್ಡರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಆ ಕಡೆ ಈ ಕಡೆ ನೋಡಿ ನುಗ್ಗಿಸಿಬಿಡುತ್ತಿದ್ದರು. ಉಸಿರು ಮಾಸ್ತರು ಮಾತ್ರ ಗೆರೆಗಿಂತ ಒಂದು ಮೊಳ ಹಿಂದೆಯೇ ಗಾಡಿ ನಿಲ್ಲಿಸಿ, ದೀಪ ಕೆಂಪಾಗಿ ಮತ್ತೆ ಹಸಿರಾಗುವುದನ್ನು ಕಾಯುತ್ತ ಕುಳಿತರು.

"ಹಾರನ್ ಹೊಡೀಬೇಡ," ಪಕ್ಕದಲ್ಲಿದ್ದ ಅತ್ತಿಗೆ ಅಂದರು. "ಎಷ್ಟು ನಿಧಾನ ಹೋದ್ರೆ ನಮಗೆ ಅಷ್ಟು ಒಳ್ಳೇದು."

ಅದೂ ನಿಜವೇ. ನಮಗೆ ಬೇಕಾಗಿದ್ದದ್ದು ಹೊತ್ತು. ಗಡಿ ಹತ್ತಿರವಾಗುತ್ತಿತ್ತು, ಕೋರ್ಟಿನಿಂದ ಬರಬೇಕಾದ ಫೋನು ಬಂದಿರಲಿಲ್ಲ.

ಗೊತ್ತಿರುವ ಕಥೆಯನ್ನು ಒಂದೇ ಉಸಿರಿಗೆ ಹೇಳಿ ಮುಗಿಸುತ್ತೇನೆ. ಶೂಟಿಂಗ್ ಕ್ಲಬ್ಬಿನ ಕಾರ್ಯದರ್ಶಿ ಗುಂಡೇಟಿಗೆ ಸತ್ತ. ಹಿಂದಿನ ದಿನ ಅವನ ಜೊತೆ ಎಲ್ಲರೆದುರು ಜಗಳವಾಡಿದ್ದ ನಮ್ಮಣ್ಣ, ಅಲ್ಲಿ ಪಿಸ್ತೂಲು ರಿಪೇರಿ ಮಾಡಿ ಮರದ ಹಿಡಿ ಕೆತ್ತಿಕೊಡುವವನು, ಒಳಗೆ ಹೋದ. ಅಣ್ಣನ ಹೆಂಡತಿ ಪೊಲೀಸ್ ಇಲಾಖೆಯಲ್ಲಿದ್ದದ್ದೇ ತಪ್ಪಾಗಿ, ಗಂಡನ ಕೇಸಿನ ಹತ್ತಿರ ಸುಳಿಯಕೂಡದೆಂದು ಅವರನ್ನು ರಜೆಯ ಮೇಲೆ ಕೂರಿಸಿದರು.

ಸತ್ತವನ ಮೈಯಲ್ಲಿ ಸಿಕ್ಕಿದ ಗುಂಡು ಕ್ಲಬ್ಬಿನ ಯಾವ ಪಿಸ್ತೂಲಿಗೂ ತಾಳೆಯಾಗಲಿಲ್ಲ. ಅದಕ್ಕೆ ಪೊಲೀಸರು ಒಂದು ಕಥೆ ಕಟ್ಟಿದರು. ಅಣ್ಣ ಹಳೆಯ ಬಿಡಿಭಾಗಗಳನ್ನು ಜೋಡಿಸಿ ಪಿಸ್ತೂಲು ಮಾಡಿದ, ಕೆಲಸ ಮುಗಿಸಿ ಮತ್ತೆ ಬಿಚ್ಚಿ ಎಸೆದ ಎಂದು. ಎಲ್ಲಿ ಸ್ವಾಮಿ ಬಿಡಿಭಾಗ ಅಂದರೆ, ಹುಡುಕುತ್ತಿದ್ದೇವೆ ಅನ್ನುತ್ತಾರೆ. ಇದುವರೆಗೆ ಒಂದು ಸ್ಕ್ರೂ ಕೂಡ ಸಿಕ್ಕಿರಲಿಲ್ಲ. ಮುಳುಗುತ್ತಿರುವ ನಮಗೆ ಉಳಿದಿದ್ದ ಹುಲ್ಲುಕಡ್ಡಿ ಅದೊಂದೇ. ಒಂದೇ ಒಂದು ಭಾಗ ಸಿಕ್ಕಿಬಿಟ್ಟರೆ ಅವರ ಕಥೆ ಪೂರ್ತಿಯಾಗುತ್ತದೆ, ಅಣ್ಣನ ಆಯಸ್ಸು ಜೈಲಿನಲ್ಲಿ ಕಳೆಯುತ್ತದೆ.

ಯಾರೂ ಪರೀಕ್ಷೆ ಮಾಡದ ಪಿಸ್ತೂಲು ಒಂದಿತ್ತು. ಅದು ಮಾಸ್ತರರ ಸ್ವಂತದ್ದು, ಕ್ಲಬ್ಬಿನದಲ್ಲ. ಮುಂದೆ ಹೋಗುತ್ತಿದ್ದ ಕಾರಿನ ಡಿಕ್ಕಿಯಲ್ಲಿ ಇದ್ದದ್ದು ಅದೇ.

ಗುಟ್ಟಾಗಿ ಅಲ್ಲ, ರಾಜಾರೋಷವಾಗಿ ಇತ್ತು. ಪಿಸ್ತೂಲಿನಲ್ಲಿ ಗುಂಡಿಲ್ಲ. ಪಿಸ್ತೂಲಿನ ಪೆಟ್ಟಿಗೆಗೆ ಒಂದು ಬೀಗ, ಗುಂಡಿನ ಪೆಟ್ಟಿಗೆಗೆ ಇನ್ನೊಂದು. ಎರಡೂ ಹಿಂದೆ, ಓಡಿಸುವವರ ಕೈಗೆಟುಕದ ಹಾಗೆ. ಈ ರಾಜ್ಯದ ಲೈಸೆನ್ಸು, ಆ ರಾಜ್ಯಕ್ಕೆ ಒಯ್ಯಲು ಪರವಾನಗಿ, ಅಲ್ಲಿನ ಕ್ಲಬ್ಬಿನಲ್ಲಿ ಹೊಸ ಕೆಲಸ. ವಕೀಲನಾಗಿ ನಾನೇ ಕೂತು ಹೇಳಿಕೊಟ್ಟಿದ್ದರೂ ಯಾವ ಕಕ್ಷಿದಾರನೂ ಇಷ್ಟು ಅಚ್ಚುಕಟ್ಟಾಗಿ ಮಾಡುತ್ತಿರಲಿಲ್ಲ. ಕಾನೂನು ಮುರಿದು ಓಡುವವನನ್ನು ಹಿಡಿಯಬಹುದು. ಕಾನೂನನ್ನೇ ಕೊಡೆಯ ಹಾಗೆ ಹಿಡಿದು ನಿಧಾನವಾಗಿ ನಡೆದುಹೋಗುವವನನ್ನು ಹಿಡಿಯುವುದು ಹೇಗೆಂದು ನನಗೆ ಯಾವ ಪುಸ್ತಕವೂ ಕಲಿಸಿರಲಿಲ್ಲ.

ಕೊಲೆಗಾರನೆಂದು ನಂಬಿದವನಿಗೆ ಬಹುವಚನ ಯಾಕೆ ಎಂದು ಕೇಳಬೇಡಿ. ಚಿಕ್ಕಂದಿನಿಂದ ಬಂದ ಅಭ್ಯಾಸ. ನನಗೂ ಅಣ್ಣನಿಗೂ ಗುರಿ ಹಿಡಿಯಲು ಕಲಿಸಿದವರು ಅವರೇ. ಉಸಿರು ಎಳ್ಕೋ, ಅರ್ಧ ಬಿಡು, ನಿಲ್ಲಿಸು ಎಂದು ದಿನವೆಲ್ಲ ಹೇಳುತ್ತಿದ್ದುದರಿಂದ ಅವರಿಗೆ ಉಸಿರು ಮಾಸ್ತರು ಎಂಬ ಹೆಸರು ಬಂತು. ಕಾರ್ಯದರ್ಶಿ ಮಾಸ್ತರರನ್ನು ಕ್ಲಬ್ಬಿನಿಂದ ಹೊರಗೆ ಹಾಕಲು ಹೊರಟಿದ್ದ ಎಂಬುದನ್ನು ಅತ್ತಿಗೆ ಕಂಡುಹಿಡಿದದ್ದು ಹೋದ ವಾರ. ಅದನ್ನು ಹೇಳಿದರೆ ತನಿಖಾಧಿಕಾರಿ ನಕ್ಕುಬಿಟ್ಟ, ಮನೆಗೆ ಹೋಗಿ ವಿಶ್ರಾಂತಿ ತಗೊಳ್ಳಿ ಮೇಡಂ ಅಂದ.

ಗಡಿ ದಾಟಿದರೆ ನಮ್ಮ ಕೋರ್ಟಿನ ಮಾತು ಅಲ್ಲಿ ನಡೆಯುವುದಕ್ಕೆ ತಿಂಗಳುಗಟ್ಟಲೆ ಬೇಕು. ಅಷ್ಟರಲ್ಲಿ ಮಾಸ್ತರು ಪಿಸ್ತೂಲಿನ ನಳಿಗೆ ಬದಲಾಯಿಸುತ್ತಾರೆ. ಗುಂಡಿನ ಮೈಮೇಲೆ ಗೀರು ಬೀಳುವುದು ನಳಿಗೆಯಿಂದ, ಜನ ಬ್ಯಾರಲ್ ಅನ್ನುತ್ತಾರಲ್ಲ, ಅದರಿಂದ. ಅದು ಬದಲಾಯಿತೆಂದರೆ ಪಿಸ್ತೂಲು ಯಾವ ಸಾಕ್ಷಿಯನ್ನೂ ಹೇಳುವುದಿಲ್ಲ.

ಅದಕ್ಕೇ ನಾನು ಬೆಳಿಗ್ಗೆ ಕೋರ್ಟಿಗೆ ಅರ್ಜಿ ಹಾಕಿ ಬಂದಿದ್ದೆ. ಮಾಸ್ತರು ಜಾಣರು, ದಾರಿಯಲ್ಲಿ ಪಿಸ್ತೂಲನ್ನು ಇನ್ನೊಬ್ಬರ ಗಾಡಿಗೆ ದಾಟಿಸಿದರೂ ದಾಟಿಸಿಯಾರು ಎಂದು ತಲೆ ಓಡಿಸಿ ಒಂದು ಸಾಲು ಬರೆದಿದ್ದೆ: "ಸದರಿ ಪಿಸ್ತೂಲಾಗಲಿ ಅದರ ಯಾವುದೇ ಭಾಗವಾಗಲಿ, ಯಾರ ವಾಹನದಲ್ಲಿ ಕಂಡುಬಂದರೂ, ವಾಹನ ಹಾಗೂ ಸಾಗಿಸುತ್ತಿರುವವರ ಸಮೇತ ವಶಕ್ಕೆ ತೆಗೆದುಕೊಳ್ಳತಕ್ಕದ್ದು." ನನ್ನ ಸೀನಿಯರ್ ವಕೀಲರು ಅದನ್ನು ಓದಿ, ಪರವಾಗಿಲ್ವೋ, ನಿನಗೂ ಬುದ್ಧಿ ಬಂತು ಅಂದರು. ಆಮೇಲೆ ನ್ಯಾಯಾಧೀಶರ ಮುಂದೆ ಯಾರದೋ ಅಣ್ಣತಮ್ಮಂದಿರ ಗೋಡೆ ಜಗಳ ಬಂತು. ಆ ಹಾಳು ಗೋಡೆ ಮುಗಿಯುವ ತನಕ ನಮ್ಮ ಅರ್ಜಿ ಸರದಿಯಲ್ಲಿ ಕಾಯಬೇಕಿತ್ತು.

ಗಡಿಗೆ ಸ್ವಲ್ಪ ಮೊದಲು ಒಂದು ಹೋಟೆಲು. ಬಿಳಿ ಕಾರು ಸಿಗ್ನಲ್ ಹಾಕಿ, ಕನ್ನಡಿ ನೋಡಿ, ಎಡಕ್ಕೆ ತಿರುಗಿತು.

ನಾವೂ ತಿರುಗಿದೆವು. ಹಿಂಬಾಲಿಸುತ್ತಿದ್ದೇವೆ ಎಂಬುದನ್ನು ಮುಚ್ಚಿಡುವ ನಾಚಿಕೆ ನಮ್ಮಲ್ಲಿ ಉಳಿದಿರಲಿಲ್ಲ. ಮಾಸ್ತರು ಇಳಿದು ನೇರವಾಗಿ ನಮ್ಮ ಕಿಟಕಿಗೇ ಬಂದು, ಊಟದ ಹೊತ್ತಾಯಿತು, ಬನ್ನಿ ಒಟ್ಟಿಗೆ ಕೂರೋಣ ಎಂದು ಕರೆದರು. ಅವರ ದನಿಯಲ್ಲಿ ಒಂದು ಚೂರು ಕಹಿ ಇರಲಿಲ್ಲ. ನಮ್ಮ ಮನೆಯಲ್ಲಿ ಎಷ್ಟೋ ಸಲ ಉಂಡ ಮನುಷ್ಯ, ಅತ್ತಿಗೆಯ ಮದುವೆಯಲ್ಲಿ ಬಂದವರನ್ನು ಬಾಗಿಲಲ್ಲಿ ನಿಂತು ಸ್ವಾಗತಿಸಿದ ಮನುಷ್ಯ. ಅತ್ತಿಗೆ ಅವರ ಮುಖ ನೋಡದೆ ಫೋನು ಹಿಡಿದು ಮರದ ನೆರಳಿಗೆ ನಡೆದರು.

ನಾನು ಒಳಗೆ ಹೋದೆ. ಕಣ್ಣಿಡಲೆಂದು ಹೋದದ್ದು, ಹಸಿವೂ ಇತ್ತು, ಸುಳ್ಳು ಹೇಳುವುದಿಲ್ಲ. ಮಾಸ್ತರು ಗಾಜಿನ ಪಕ್ಕದ ಮೇಜನ್ನೇ ಆರಿಸಿಕೊಂಡು, ತಮ್ಮ ಡಿಕ್ಕಿ ಕಾಣುವ ಹಾಗೆ ಕುಳಿತರು. ಆಯುಧವಿರುವ ಗಾಡಿಯನ್ನು ಕಣ್ಣಳತೆಯಿಂದ ಆಚೆ ಬಿಡಬಾರದಂತೆ. ಬ್ರೆಡ್ಡು, ಆಮ್ಲೆಟ್ಟು ಬಂತು. ಅವರು ಒಂದೊಂದು ತುತ್ತನ್ನೂ ಎಣಿಸಿದವರಂತೆ ಅಗಿದು ತಿಂದರು.

ಕಾರಿನಲ್ಲಿ ಜೊತೆಗೆ ಬಂದಿದ್ದ ಅವರ ಹೆಂಡತಿ ಮಾತ್ರ ತಟ್ಟೆ ಮುಟ್ಟಲಿಲ್ಲ. ನಿಮ್ಮಣ್ಣನಿಗೆ ಒಳಗೆ ಊಟ ಸೇರುತ್ತಿದೆಯಾ, ಹೊದೆಯಲು ಕೊಟ್ಟಿದ್ದಾರಾ ಎಂದು ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಊಟ ಮುಗಿದ ಮೇಲೆ ನನ್ನನ್ನು ಕಾರಿನ ಹತ್ತಿರ ಕರೆದು, ಹಿಂದಿನ ಸೀಟಿನಿಂದ ಒಂದು ಕ್ಯಾನ್ವಾಸ್ ಚೀಲ ತೆಗೆದು ನನ್ನ ಕೈಗಿತ್ತರು.

ಅದು ಅಣ್ಣನ ಹತಾರದ ಚೀಲ.

"ಕ್ಲಬ್ಬಲ್ಲಿ ಬೆಂಚಿನ ಕೆಳಗೆ ಬಿದ್ದಿತ್ತಂತೆ. ಇವರು ಎತ್ತಿಟ್ಟಿದ್ರು," ಅಂದರು. "ಅವನ ಕೈಯಲ್ಲಿ ಸವೆದಿರೋದು, ಕಂಡೋರ ಪಾಲಾಗ್ಬಾರ್ದು. ನಾನು ಕೊಟ್ರೆ ನಿಮ್ಮತ್ತಿಗೆ ತಗೊಳ್ಳಲ್ಲ. ನೀನಾದ್ರೂ ತಗೊಂಡೋಗಪ್ಪ."

ಚೀಲದ ಬಾಯಿ ಬಿಚ್ಚಿ ನೋಡಿದೆ. ಮೇಲೆ ಅವನ ಉಳಿಗಳ ಹಿಡಿಗಳು, ಎಣ್ಣೆ ಕುಡಿದು ಕಪ್ಪಾಗಿದ್ದವು. ಕೆಳಗೆ ಬಟ್ಟೆಯಲ್ಲಿ ಸುತ್ತಿದ ಅರಗಳು, ಅದರ ಕೆಳಗೆ ಇನ್ನೂ ಏನೇನೋ. ಮರದ ಹೊಟ್ಟಿನ ವಾಸನೆ ಮೂಗಿಗೆ ಬಂದದ್ದೇ ತಡ, ನನ್ನ ಕಣ್ಣು ಮಂಜಾಯಿತು. ಆ ವಾಸನೆಯೆಂದರೆ ಅಣ್ಣನೇ. ಚೀಲದ ಬಾಯಿ ಮುಚ್ಚಿದೆ.

ನಮ್ಮ ಕಾರಿನ ಡಿಕ್ಕಿಗೆ ಬೀಗವಿಲ್ಲ, ನೈಲಾನ್ ಹಗ್ಗ. ಊರಿನ ಪಿಸ್ತೂಲಿನ ಪೆಟ್ಟಿಗೆಗೆಲ್ಲ ಬೀಗ ಸರಿಮಾಡಿಕೊಡುತ್ತಿದ್ದ ಅಣ್ಣ ತನ್ನ ಡಿಕ್ಕಿಗೆ ಹಗ್ಗ ಕಟ್ಟಿಕೊಂಡೇ ಓಡಾಡಿದ. ದೀಪದ ಕೆಳಗೆ ಕತ್ತಲೆ ಎಂದು ಅತ್ತಿಗೆ ಅವನನ್ನು ಕಾಡಿಸುತ್ತಿದ್ದರು. ಹಗ್ಗ ಬಿಚ್ಚಿ, ಚೀಲವನ್ನು ಸ್ಟೆಪ್ನಿಯ ಪಕ್ಕದಲ್ಲಿಟ್ಟು, ನನಗೆ ಬಂದ ಹಾಗೆ ಗಂಟು ಹಾಕಿದೆ. ಅತ್ತಿಗೆಗೆ ಹೇಳಲಿಲ್ಲ. ಆ ಕೈಯಿಂದ ನೀರೂ ಬೇಡ ಎನ್ನುವವರು, ಚೀಲವನ್ನು ಅವರ ಕಾಲ ಬಳಿ ಎಸೆದುಬಿಟ್ಟಾರು ಎಂದು ಹೆದರಿಕೆ. ಮನೆಗೆ ಹೋದ ಮೇಲೆ ಅವರ ಮುಂದಿಟ್ಟರಾಯಿತು ಎಂದುಕೊಂಡೆ. ಎಷ್ಟೋ ವಾರಗಳ ಮೇಲೆ ಅವರ ಮುಖದಲ್ಲಿ ಒಂದಿಷ್ಟು ಗೆಲುವು ಕಾಣುವ ಆಸೆ ನನಗೆ.

ಗಡಿಯೆಂದರೆ ಏನೂ ಇಲ್ಲ. ತಗಡಿನ ಮಾಡಿನ ಒಂದು ಠಾಣೆ, ಬುಡಕ್ಕೆ ಕಲ್ಲು ಕಟ್ಟಿದ ಅಡ್ಡಗಂಬ, ರಸ್ತೆಯ ಮೇಲೆ ಮಾಸಿಹೋದ ಬಿಳಿ ಪಟ್ಟೆ. ಆ ಕಡೆ ಅಂಥದ್ದೇ ಇನ್ನೊಂದು ಠಾಣೆ, ಅಂಥದ್ದೇ ಇನ್ನೊಂದು ಕಂಬ. ನಮ್ಮ ಕಡೆಯ ನಾಯಿ ಪಟ್ಟೆಯ ಮೇಲೇ ಮಲಗಿತ್ತು, ತಲೆ ಅಲ್ಲಿ, ಬಾಲ ಇಲ್ಲಿ.

ಠಾಣಾಧಿಕಾರಿಗೆ ಹಲ್ಲುನೋವು. ಕೆನ್ನೆ ಊದಿ, ತಲೆಯಿಂದ ಗದ್ದಕ್ಕೆ ಮಫ್ಲರ್ ಬಿಗಿದುಕೊಂಡಿದ್ದರು. ಮಾಸ್ತರರ ಕಾಗದಪತ್ರಗಳನ್ನು ಒಂದೊಂದಾಗಿ ನೋಡಿ, ಎಲ್ಲ ಸರಿಯಾಗಿದೆ, ಹೊರಡಬಹುದು ಎಂದು ತಲೆಯಲ್ಲಾಡಿಸಿದರು.

ಅತ್ತಿಗೆ ಮೇಜಿನ ಹತ್ತಿರ ಹೋದರು. ಕೋರ್ಟಿನ ಆದೇಶ ಇನ್ನೇನು ಬರುತ್ತದೆ, ಅಲ್ಲಿಯ ತನಕ ಒಂದಿಷ್ಟು ಹೊತ್ತು ನಿಲ್ಲಿಸಿಕೊಳ್ಳಿ ಎಂದು ಕೇಳಿದರು. ಅತ್ತಿಗೆ ಯಾರನ್ನೂ ಬೇಡಿದ್ದನ್ನು ನಾನು ಕಂಡವನಲ್ಲ. ಅವರು ಠಾಣೆಯೊಳಗೆ ಕಾಲಿಟ್ಟರೆ ಕುರ್ಚಿಗಳು ತಾವಾಗಿ ಸರಿಯುತ್ತಿದ್ದ ಕಾಲವಿತ್ತು. ಈಗ ಸೆರಗಿನ ತುದಿ ಹಿಡಿದುಕೊಂಡು, ದನಿ ತಗ್ಗಿಸಿ, ದಯವಿಟ್ಟು ಎಂಬ ಮಾತನ್ನು ಎರಡು ಸಲ ಹೇಳಿದರು.

"ನಿಮ್ಮ ಹೆಸರು ಕೇಳಿದ್ದೀನಿ ಮೇಡಂ," ಅಧಿಕಾರಿ ಕೆನ್ನೆ ಹಿಡಿದುಕೊಂಡೇ ಅಂದರು. "ಡ್ಯೂಟಿ ಮೇಲಿದ್ದಿದ್ರೆ ಸೆಲ್ಯೂಟ್ ಹೊಡೆದು ನಿಲ್ಲಿಸ್ತಿದ್ದೆ. ಈಗ ಯಾವ ಆಧಾರದ ಮೇಲೆ ನಿಲ್ಲಿಸ್ಲಿ, ನೀವೇ ಹೇಳಿ."

ಅತ್ತಿಗೆ ನನ್ನ ಕಡೆ ನೋಡಿದರು. ನನ್ನ ಹತ್ತಿರ ಕಪ್ಪು ಕೋಟಿತ್ತು, ಕಾನೂನಿನ ಪದವಿಯಿತ್ತು, ಆಧಾರ ಮಾತ್ರ ಇರಲಿಲ್ಲ.

ಆಗ ಮಾಸ್ತರೇ ಮುಂದೆ ಬಂದರು. ಆ ಹೆಣ್ಣುಮಗಳ ಸಮಾಧಾನಕ್ಕಾದರೂ ಒಂದು ಸಲ ನೋಡಿಬಿಡಲಿ, ತಮ್ಮದೇನೂ ಮುಚ್ಚುಮರೆಯಿಲ್ಲ ಎಂದು ತಾವೇ ಹೋಗಿ ಡಿಕ್ಕಿಯಿಂದ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟು ಬೀಗ ತೆಗೆದರು. ಮುಚ್ಚಳ ಎತ್ತಿ, ನಮಗೆ ಕಾಣಲೆಂದು ಪೆಟ್ಟಿಗೆಯನ್ನು ತಿರುಗಿಸಿದರು. ಒಳಗೆ ಸ್ಪಂಜಿನ ಗುಳಿಯಲ್ಲಿ ಪಿಸ್ತೂಲು ಮಲಗಿತ್ತು. ಹಿಡಿ ಅಣ್ಣ ಕೆತ್ತಿದ್ದು, ನೋಡಿದ ಕೂಡಲೇ ಗೊತ್ತಾಯಿತು. ಪಿಸ್ತೂಲಿನ ಮೇಲೆ ಒಂದು ಕಿತ್ತಳೆ ಬಣ್ಣದ ದಾರವಿತ್ತು. ಅಧಿಕಾರಿ ಅದರ ಮೈಮೇಲಿನ ನಂಬರನ್ನು ಲೈಸೆನ್ಸಿನ ಜೊತೆ ಹೋಲಿಸಿ ಸರಿ ಅಂದರು.

ಅತ್ತಿಗೆ ಪಿಸ್ತೂಲನ್ನು ನೋಡುತ್ತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮಾಸ್ತರರ ಹೆಂಡತಿಯನ್ನು ನೋಡುತ್ತಿದ್ದರು.

"ಸರ್," ಅಂದರು. "ಅದರ ಬಾಯಿ ನಿಮ್ಮ ಮನೆಯವರ ಹೊಟ್ಟೆ ಕಡೆ ತಿರುಗಿದೆ."

ಅಧಿಕಾರಿ ಲೈಸೆನ್ಸಿನಿಂದ ತಲೆಯೆತ್ತಿದರು.

ಇದು ಎಂಥ ಮಾತು ಎಂದು ಬೇರೆಯವರಿಗೆ ತಿಳಿಯುವುದಿಲ್ಲ. ಪಿಸ್ತೂಲು ಹಿಡಿದು ಬದುಕಿದವರಿಗೆ ಒಂದು ನೇಮವಿದೆ. ಗುಂಡಿರಲಿ ಬಿಡಲಿ, ಬಿಚ್ಚಿರಲಿ ಕಟ್ಟಿರಲಿ, ಅದರ ಬಾಯಿ ಮನುಷ್ಯರ ಕಡೆ ತಿರುಗಕೂಡದು. ಪೆಟ್ಟಿಗೆ ತೆಗೆಯುವಾಗಲೂ ಗೋಡೆಯ ಕಡೆಗೆ ತಿರುಗಿಸಿಯೇ ತೆಗೆಯುತ್ತಾರೆ. ನಮಗೆ ಮಾಸ್ತರು ಇದನ್ನು ಕಲಿಸಿದ್ದು ಬೆರಳ ಗಂಟಿಗೆ ಸ್ಕೇಲಿನಿಂದ ಹೊಡೆದು. ಪ್ಲಾಸ್ಟಿಕ್ ಆಟಿಕೆಯನ್ನು ಅಣ್ಣನ ಕಡೆ ತಿರುಗಿಸಿದ್ದಕ್ಕೂ ನಾನು ಏಟು ತಿಂದಿದ್ದೇನೆ.

ಮಾಸ್ತರು ತಲೆ ಬಗ್ಗಿಸಿ ನೋಡಿದರು. ಪೆಟ್ಟಿಗೆಯನ್ನು ಮೆಲ್ಲಗೆ ಗೋಡೆಯ ಕಡೆ ತಿರುಗಿಸಿ, ವಯಸ್ಸಾಯಿತು ನೋಡಿ ಎಂದು ನಕ್ಕರು.

"ವಯಸ್ಸಾದ್ರೆ ಕಣ್ಣು ಮರೆಯುತ್ತೆ, ಕೈ ಮರೆಯಲ್ಲ," ಅತ್ತಿಗೆ ಅಂದರು. ಅವರ ಹಳೆಯ ದನಿ ವಾಪಸು ಬಂದಿತ್ತು. "ಗುಂಡಿಲ್ಲ ಅಂತಲ್ಲ, ಇದು ಹಾರೋದೇ ಇಲ್ಲ ಅಂತ ನಿಮ್ಮ ಕೈಗೆ ಗೊತ್ತಿತ್ತು. ಅದಕ್ಕೇ ಅದು ಎಚ್ಚರ ತಪ್ಪಿದ್ದು."

ಆಮೇಲೆ ಅಧಿಕಾರಿಯ ಕಡೆ ತಿರುಗಿ, ಆ ದಾರವನ್ನು ನಳಿಗೆಯೊಳಗೆ ತೂರಿಸಿ ನೋಡಿ ಎಂದರು. ಶೂಟಿಂಗಿನವರು ಪಿಸ್ತೂಲು ಖಾಲಿ ಎಂದು ದೂರದಿಂದಲೇ ತಿಳಿಯಲಿ ಎಂದು ನಳಿಗೆಯ ಹಿಂದಿನಿಂದ ಮುಂದಕ್ಕೆ ಬಣ್ಣದ ದಾರ ತೂರಿಸಿಡುತ್ತಾರೆ. ಬಾಯಿಂದ ದಾರದ ತುದಿ ಹೊರಗೆ ಜೋತಾಡುತ್ತಿರಬೇಕು. ಇಲ್ಲಿ ದಾರ ಸುಮ್ಮನೆ ಮೇಲೆ ಬಿದ್ದಿತ್ತು.

ಅಧಿಕಾರಿ ಹಲ್ಲುನೋವು ಮರೆತು ದಾರವನ್ನು ಹಿಂದಿನಿಂದ ತೂರಿಸಿದರು. ಎರಡು ಬೆರಳಿನಷ್ಟು ಹೋಗಿ ನಿಂತಿತು. ಮುಂದಿನಿಂದ ತೂರಿಸಿದರು, ಅಲ್ಲೂ ನಿಂತಿತು. ನಳಿಗೆಯ ನಡುವೆ ತೂತೇ ಇರಲಿಲ್ಲ, ಗಟ್ಟಿ ಉಕ್ಕು.

ಸಿಕ್ಕಿಬಿದ್ದರು ಎಂದುಕೊಂಡೆ.

"ಅಭ್ಯಾಸದ ಬ್ಯಾರಲ್," ಮಾಸ್ತರು ಅಂದರು. ಅವರ ಉಸಿರು ಒಂದು ಎಳೆಯೂ ಏರುಪೇರಾಗಲಿಲ್ಲ. "ಮಕ್ಕಳಿಗೆ ಕೈ ಕೂರಿಸೋಕೆ ಬಳಸೋದು. ಅಂಗಡೀಲಿ ಸಿಗುತ್ತೆ, ಕಾನೂನಿಗೆ ವಿರುದ್ಧ ಅಲ್ಲ. ಹಾರದೇ ಇರೋ ಪಿಸ್ತೂಲು ಒಯ್ಯೋದು ಇನ್ನೂ ಕ್ಷೇಮ ತಾನೆ?"

"ಅಸಲಿ ಬ್ಯಾರಲ್ ಎಲ್ಲಿ?" ಅಧಿಕಾರಿ ಕೇಳಿದರು.

ಮಾಸ್ತರು ಹೇಳಲು ಮನಸ್ಸಿಲ್ಲದವರ ಹಾಗೆ ಅತ್ತಿಗೆಯ ಮುಖವನ್ನು ಒಮ್ಮೆ ನೋಡಿ, ನಿಟ್ಟುಸಿರು ಬಿಟ್ಟರು.

"ಇವರ ಯಜಮಾನರಿಗೆ ಕೊಟ್ಟಿದ್ದೆ. ಒಳಗೆ ಸವೆದಿತ್ತು, ಸರಿ ಮಾಡಿಕೊಡ್ತೀನಿ ಅಂತ ತಗೊಂಡ್ರು. ಕಾರ್ಯದರ್ಶಿ ಸಾಯೋಕೆ ಮುಂಚಿನ ಮಾತು ಇದು. ವಾಪಸ್ ಬರಲೇ ಇಲ್ಲ. ಕಾಣ್ತಿಲ್ಲ ಅಂತ ಠಾಣೆಗೂ ಹೇಳಿ ಬಂದಿದ್ದೀನಿ."

ಅತ್ತಿಗೆ ಕೇಸಿನಿಂದ ಹೊರಗಿದ್ದರು. ಆ ದೂರಿನ ವಿಷಯ ನಮಗೆ ಯಾರೂ ಹೇಳಿರಲಿಲ್ಲ. ಅತ್ತಿಗೆಯ ತುಟಿ ಬಿಳಚಿತು.

"ಕೊಟ್ಟಿದ್ರೆ ನನಗೆ ಗೊತ್ತಿರ್ತಿತ್ತು."

"ಗಂಡ ಎಲ್ಲಾನೂ ಹೆಂಡತಿಗೆ ಹೇಳ್ತಾನೇನಮ್ಮ?" ಮಾಸ್ತರು ಮೃದುವಾಗಿ ಕೇಳಿದರು. ಅವರ ಹೆಂಡತಿ ಬಾಗಿಲಿನಿಂದ ಆಚೆ ಹೋಗಿ ನಿಂತರು.

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಸೀನಿಯರ್. ಗೋಡೆ ಬಿತ್ತು ಕಣೋ, ಆದೇಶ ಸಿಕ್ತು, ಠಾಣೆಗೆ ಕಳಿಸಿದ್ದಾರೆ, ಇನ್ನು ಆ ಮನುಷ್ಯ ಎಲ್ಲಿಗೆ ಹೋಗ್ತಾನೆ ನೋಡೋಣ ಎಂದು ಒಂದೇ ಸಮನೆ ಹೇಳಿದರು. ಅವರಿಗಿದ್ದ ಸಂತೋಷ ನನಗೆ ಬರಲಿಲ್ಲ, ಯಾಕೆಂದು ಆಗ ಗೊತ್ತಾಗಲಿಲ್ಲ.

ಅಧಿಕಾರಿ ತಮ್ಮ ಫೋನಿನಲ್ಲಿ ಬಂದ ಆದೇಶವನ್ನು ಗಟ್ಟಿಯಾಗಿ ಓದಿದರು. ಊದಿದ ಕೆನ್ನೆಯಿಂದ ಒಂದೊಂದೇ ಪದ ಹೊರಗೆ ಬಂತು. ಸದರಿ ಪಿಸ್ತೂಲಾಗಲಿ. ಅದರ ಯಾವುದೇ ಭಾಗವಾಗಲಿ. ಯಾರ ವಾಹನದಲ್ಲಿ ಕಂಡುಬಂದರೂ. ಬೆಳಿಗ್ಗೆ ಮೀಸೆ ತಿರುವಿಕೊಂಡು ಬರೆದ ನನ್ನದೇ ಸಾಲು, ಒಂದಕ್ಷರ ಬದಲಾಗದೆ.

ಯಾವುದೇ ಭಾಗ ಎಂಬಲ್ಲಿಗೆ ನನಗೆ ಡಿಕ್ಕಿಯಲ್ಲಿಟ್ಟ ಚೀಲ ನೆನಪಾಯಿತು. ನಳಿಗೆಯೆಂದರೆ ಒಂದು ಗೇಣುದ್ದದ ಉಕ್ಕಿನ ಕೊಳವೆ. ಅರಗಳ ನಡುವೆ ಇಟ್ಟರೆ ಇನ್ನೊಂದು ಅರ. ಉಳಿಗಳ ನಡುವೆ ಇಟ್ಟರೆ ಇನ್ನೊಂದು ಉಳಿ. ಬಟ್ಟೆಯಲ್ಲಿ ಸುತ್ತಿದ್ದರೆ ಯಾರು ಬಿಚ್ಚಿ ನೋಡುತ್ತಾರೆ? ಕಣ್ಣು ಮಂಜಾದ ತಮ್ಮ ಅಂತೂ ನೋಡುವುದಿಲ್ಲ.

"ಬ್ಯಾರಲ್ ಇವರ ಗಾಡೀಲೇ ಇದೆ," ಅತ್ತಿಗೆ ಅಂದರು. ಕೆನ್ನೆಗೆ ಬಣ್ಣ ಬಂದಿತ್ತು. "ಸೀಟು ಕಿತ್ತು ನೋಡಿ, ಬಾಗಿಲು ಬಿಚ್ಚಿ ನೋಡಿ. ಸಿಗುತ್ತೆ."

"ನೋಡ್ಲಿ, ಬೇಡ ಅನ್ನಲ್ಲ," ಮಾಸ್ತರು ಅಂದರು. "ಆದ್ರೆ ಯಾರ ವಾಹನ ಆದ್ರೂ ಅಂತ ಬರೆದಿದೆ. ಬೆಳಿಗ್ಗೆಯಿಂದ ನನ್ನ ಹಿಂದೇನೇ ಎರಡು ಗಾಡಿ ದೂರದಲ್ಲಿ ಬಂದಿರೋರದ್ದನ್ನ ಬಿಟ್ಟು ನನ್ನದೊಂದೇ ನೋಡೋದು ನ್ಯಾಯಾನಾ?"

ಅವರ ಕೈ ಎಚ್ಚರ ತಪ್ಪಿದ್ದು ಮರೆವಾಗಿತ್ತೋ, ಅಥವಾ ನಮ್ಮನ್ನು ಇಲ್ಲಿಯವರೆಗೆ ಕರೆತರಲು ಹಾಕಿದ ಮೇವಾಗಿತ್ತೋ? ಇಡೀ ದಾರಿ ನಾವು ಅವರನ್ನು ಹಿಂಬಾಲಿಸುತ್ತಿದ್ದೇವೆ ಎಂದುಕೊಂಡಿದ್ದೆ.

ಅತ್ತಿಗೆ ಒಂದು ಕ್ಷಣವೂ ಯೋಚಿಸಲಿಲ್ಲ. ಅವರ ಸ್ವಭಾವವೇ ಹಾಗೆ. ತಮ್ಮ ಮನೆಯವರಿಗೆಂದು ಒಂದು ತೂಕ, ಊರವರಿಗೆಂದು ಇನ್ನೊಂದು ತೂಕ ಇಟ್ಟವರಲ್ಲ. ಆ ಸ್ವಭಾವವನ್ನು ಈ ಮನುಷ್ಯ ನಮ್ಮ ಮನೆಯ ಮೇಜಿನಲ್ಲಿ ಉಂಡುಕೊಂಡೇ ಚೆನ್ನಾಗಿ ಓದಿಕೊಂಡಿದ್ದರು.

"ನಮ್ಮದನ್ನೇ ಮೊದಲು ನೋಡಿ," ಅಂದರು. "ನಾಳೆ ಯಾರೂ ನಮ್ಮ ಕಡೆ ಬೆರಳು ತೋರಿಸಬಾರ್ದು."

ಆಗಲೇ ಅವರು ಬಿಸಿಲಿಗೆ ಇಳಿದಿದ್ದರು. ಹಿಂದೆ ಅಧಿಕಾರಿ, ಅವರ ಹಿಂದೆ ಮಾಸ್ತರು, ಕೊನೆಗೆ ನಾನು. ಏನು ಹೇಳಲಿ? ಬೇಡ ಎಂದರೆ, ಯಾಕೆ ಬೇಡ ಎಂದು ಅಧಿಕಾರಿ ಕೇಳುತ್ತಾರೆ. ಚೀಲ ಮಾಸ್ತರರ ಹೆಂಡತಿ ಕೊಟ್ಟದ್ದು ಎಂದರೆ, ಕೊಟ್ಟದ್ದು ಹೌದು, ಅವನ ಹತಾರ ಅವನ ಮನೆಗೆ ತಲುಪಿಸಿದೆವು, ಅದರೊಳಗೆ ಅವನೇನು ಬಚ್ಚಿಟ್ಟಿದ್ದನೋ ನಮಗೇನು ಗೊತ್ತು ಅನ್ನುತ್ತಾರೆ. ಸುಮ್ಮನಿದ್ದರೆ ಪೊಲೀಸರ ಕಥೆಗೆ ಬೇಕಾಗಿದ್ದ ಬಿಡಿಭಾಗ, ಕೊಂದವನೆಂದು ಹೆಸರಾದವನ ಚೀಲದಲ್ಲಿ, ಅವನ ಹೆಂಡತಿಯ ಕಾರಿನಲ್ಲಿ, ಗಡಿಯಿಂದ ನಾಯಿಬಾಲದಷ್ಟು ಈಚೆಗೆ ಸಿಗುತ್ತದೆ. ಪರವಾನಗಿಯಿಲ್ಲ, ಬೀಗವಿಲ್ಲ. ಇಡೀ ದಾರಿಯಲ್ಲಿ ಕಾನೂನು ಮುರಿದವರು ನಾವು ಮಾತ್ರ. ಹೇಳಿದರೂ ಮುಳುಗಿದೆವು, ಹೇಳದಿದ್ದರೂ ಮುಳುಗಿದೆವು. ಒಳಗಿರುವುದು ಬರೀ ಉಳಿಗಳಾಗಿರಲಪ್ಪಾ ಎಂದು ಎಲ್ಲ ದೇವರನ್ನೂ ಬೇಡಿಕೊಂಡೆ.

"ಅತ್ತಿಗೆ," ಅಂದೆ. ಅಷ್ಟೇ ಬಾಯಿಂದ ಬಂದದ್ದು.

"ಏನೋ?" ಅವರು ಹಗ್ಗಕ್ಕೆ ಕೈ ಹಾಕಿದ್ದರು. ಗಂಟನ್ನು ನೋಡಿ ಅವರ ಬೆರಳು ತಡೆಯಿತು. "ಇದು ನಾನು ಹಾಕಿದ ಗಂಟಲ್ಲ. ಯಾರು ಬಿಚ್ಚಿದ್ದು?"

ಉತ್ತರಕ್ಕೆ ಕಾಯದೆ ಅವರು ಉಗುರಿನಿಂದ ಗಂಟು ಸಡಿಲಿಸಿ ಹಗ್ಗ ಎಳೆದರು. ಡಿಕ್ಕಿ ಕಿರುಗುಟ್ಟಿಕೊಂಡು ಮೇಲೆದ್ದಿತು.

ಸ್ಟೆಪ್ನಿಯ ಪಕ್ಕದಲ್ಲಿ ಚೀಲ ಕೂತಿತ್ತು.

ಅತ್ತಿಗೆ ಅದನ್ನು ನೋಡಿದರು. ನಾನು ಸಂಜೆ ಮನೆಯಲ್ಲಿ ನೋಡಬೇಕೆಂದುಕೊಂಡಿದ್ದ ಗೆಲುವು ಅಲ್ಲೇ, ಎಲ್ಲರೆದುರು, ಅವರ ಮುಖದ ಮೇಲೆ ಬಂತು. "ಇದು ಅವರದ್ದು," ಅಂದರು, ಯಾರಿಗೂ ಅಲ್ಲ. ಚೀಲವನ್ನು ಎರಡೂ ಕೈಯಲ್ಲಿ ಎತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಒತ್ತಿಕೊಂಡರು. ವಾಸನೆ ಮೂಗಿಗೆ ಬಂದಿರಬೇಕು, ಕಣ್ಣು ಮುಚ್ಚಿದರು.

ಅಧಿಕಾರಿ ಸಂಕೋಚದಿಂದ, ಸ್ವಲ್ಪ ನೋಡಬೇಕು ಮೇಡಂ ಅಂದರು. ನಾನೇ ತೋರಿಸ್ತೀನಿ ಎಂದು ಅತ್ತಿಗೆ ಚೀಲದ ಬಾಯಿ ಬಿಚ್ಚಿ ಒಳಗೆ ಕೈ ಹಾಕಿದರು. ಅಣ್ಣ ಕೆಲಸ ಮಾಡುವಾಗ ಅವನು ಕೇಳಿದ ಉಳಿಯನ್ನು ನೋಡದೆಯೇ ತೆಗೆದು ಕೊಡುತ್ತಿದ್ದವರು ಅವರು, ಒಂದೊಂದೂ ಅವರಿಗೆ ಕೈಗುರುತು. ದೊಡ್ಡ ಉಳಿ ತೆಗೆದು ಅಧಿಕಾರಿಗೆ ಕೊಟ್ಟರು. ಸಣ್ಣ ಉಳಿ ಕೊಟ್ಟರು. ಅರಗಳ ಗಂಟು ಕೊಟ್ಟರು.

ಮತ್ತೆ ಕೈ ಹಾಕಿದರು, ಮೊಣಕೈವರೆಗೆ.

ಆ ಕೈ ಹೊರಗೆ ಬರಲಿಲ್ಲ. ಒಳಗೆ ಕೈಗುರುತಿಲ್ಲದ ಏನನ್ನೋ ಹಿಡಿದ ಹಾಗೆಯೇ ಅತ್ತಿಗೆ ತಲೆಯೆತ್ತಿ ನೋಡಿದರು. ಮಾಸ್ತರರನ್ನಲ್ಲ, ಅಧಿಕಾರಿಯನ್ನಲ್ಲ, ನನ್ನನ್ನು.